ಪೆಟ್ಟಿಗೆ ಯಾರದೋ, ಕಸುಬು ಸರ್ಕಾರ್‌ದು

ಗಣೇಶೋತ್ಸವವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಊರ ಜಾತ್ರೆಯಿರಲಿ, ಕಮಿಟಿಯವರ ಪಟ್ಟಿಯಲ್ಲಿ ಆರ್ಕೆಸ್ಟ್ರಾದ ಕೆಳಗೆ ಒಂದು ಮ್ಯಾಜಿಕ್ ಷೋ ಎಂದು ಬರೆದಿರುವುದುಂಟು. ರೇಟು ಕುದುರಿಸುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಆಸಾಮಿ ಪ್ರೊಫೆಷನಲ್ಲೋ, ಇಲ್ಲ ಸುಮ್ಮನೆ ಹವ್ಯಾಸಕ್ಕೆ ಮಾಡೋನೋ ಅಂತ. ಟೋಪಿಯಿಂದ ಪಾರಿವಾಳ ತೆಗೆದವರೆಲ್ಲ ತಮ್ಮ ಹೆಸರಿನ ಹಿಂದೆ ಪ್ರೊಫೆಸರ್ ಎಂದು ಹಾಕಿಕೊಳ್ಳುವ ಲೈನು ಇದು. ಹಾಗಾಗಿ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಪಿ.ಸಿ. ಸರ್ಕಾರ್ ಅವರ ಬದುಕನ್ನು ಒಮ್ಮೆ ತಿರುವಿ ಹಾಕಬೇಕು. ತೀರಿಕೊಂಡು ಐವತ್ತು ವರ್ಷ ದಾಟಿದರೂ ಮ್ಯಾಜಿಕ್ ಎಂದ ಕೂಡಲೇ ಹಿರೀಕರ ಬಾಯಿಗೆ ಮೊದಲು ಬರುವ ಹೆಸರು ಅದೇ.

1956ರ ಏಪ್ರಿಲ್ 9, ಸೋಮವಾರ ರಾತ್ರಿ. ಇಂಗ್ಲೆಂಡಿನ ಜನ ಬಿಬಿಸಿ ಟೆಲಿವಿಷನ್ನಿನಲ್ಲಿ ಪನೋರಮಾ ಕಾರ್ಯಕ್ರಮ ನೋಡುತ್ತಾ ಕೂತಿದ್ದರು. ದೇಶ ವಿದೇಶದ ರಾಜಕೀಯ ಹೇಳುವ ಗಂಭೀರ ಕಾರ್ಯಕ್ರಮ ಅದು, ನೇರ ಪ್ರಸಾರ ಬೇರೆ. ಅದರ ಕೊನೆಯ ಐಟಂಗೆ ತಲೆಗೆ ರುಮಾಲು, ಮೈಗೆ ಜರಿಯ ಉಡುಪು ತೊಟ್ಟ ಭಾರತದ ಜಾದೂಗಾರರೊಬ್ಬರು ಬಂದರು. ದೀಪ್ತಿ ಡೇ ಎಂಬ ಹದಿಹರೆಯದ ಹುಡುಗಿಯನ್ನು ಮೇಜಿನ ಮೇಲೆ ಮಲಗಿಸಿದರು. ಮೇಲೆ ಕರೆಂಟಿನ ಚಕ್ರಗರಗಸ. ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಾರಲ್ಲ, ಅಂಥದ್ದು. ಅದು ಕಿರ್ರೆನ್ನುತ್ತಾ ಹುಡುಗಿಯ ಸೊಂಟದ ಮೇಲೆ ಇಳಿಯಿತು. ಕೆಲಸ ಮುಗಿದ ಮೇಲೆ ಜಾದೂಗಾರರು ಆಕೆಯ ಕೈ ಉಜ್ಜಿದರು, ಎಬ್ಬಿಸಲು ನೋಡಿದರು. ಹುಡುಗಿ ಅಲುಗಲಿಲ್ಲ. ಮುಖದ ಮೇಲೆ ಕಪ್ಪು ಬಟ್ಟೆ ಮುಚ್ಚಿದರು. ಅಷ್ಟರಲ್ಲಿ ನಿರೂಪಕ ರಿಚರ್ಡ್ ಡಿಂಬಲ್ಬಿ ಕ್ಯಾಮೆರಾ ಮುಂದೆ ಬಂದವರೇ ವೇಳೆ ಮುಗಿಯಿತೆಂದು ಎಲ್ಲರಿಗೂ ಶುಭರಾತ್ರಿ ಹೇಳಿಬಿಟ್ಟರು. ಕಾರ್ಯಕ್ರಮ ಖಲಾಸ್.

ಮನೆಮನೆಯಲ್ಲೂ ಜನ ಹೌಹಾರಿದರು. ಕಣ್ಣೆದುರೇ ಕೊಲೆಯಾಯಿತೆಂದು ತಿಳಿದು ಬಿಬಿಸಿಗೆ ಫೋನ್ ಮಾಡತೊಡಗಿದರು. ಸ್ಟುಡಿಯೋದ ಲೈನುಗಳೆಲ್ಲ ಜಾಮ್. ಹುಡುಗಿ ಜೀವಂತವಾಗಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಬಿಬಿಸಿಯವರು ಸಮಾಧಾನ ಹೇಳಬೇಕಾಯಿತು. ಮಾರನೇ ದಿನ ಪೇಪರುಗಳ ಮುಖಪುಟದಲ್ಲಿ ಅದೇ ಸುದ್ದಿ. ಅದೇ ಹೊತ್ತಿಗೆ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ಸರ್ಕಾರ್ ಅವರ ಮೂರು ವಾರದ ಷೋ ಇತ್ತು. ಟಿಕೆಟ್ ಪೂರಾ ಮಾರಾಟವಾಯಿತು.

ಇದು ಆಕಸ್ಮಿಕವೋ, ಲೆಕ್ಕಾಚಾರವೋ? ವೇಳೆ ಮೀರಿದ್ದರಿಂದ ಹಾಗಾಯಿತು ಎನ್ನುವುದು ಹೊರಗಿನ ಮಾತು. ಆದರೆ ಸರ್ಕಾರ್ ಗಡಿಯಾರದ ಮನುಷ್ಯ. ಯಾವ ಐಟಂಗೆ ಎಷ್ಟು ನಿಮಿಷ ಎಂಬುದು ಅವರಿಗೆ ಬಾಯಿಪಾಠ. ಅಂಥವರು ಬಿಬಿಸಿಯ ನೇರ ಪ್ರಸಾರದಲ್ಲಿ, ಅದೂ ಹುಡುಗಿಯನ್ನು ಎಬ್ಬಿಸಬೇಕಾದ ಆ ಅರ್ಧ ನಿಮಿಷದಲ್ಲೇ ಟೈಮ್ ತಪ್ಪಿದರು ಎಂದರೆ ನಂಬೋದು ಕಷ್ಟ. ಜಾದೂಗಾರರ ವಲಯದಲ್ಲಿ ಆವತ್ತೂ ನಂಬಿದವರು ಕಡಿಮೆ. ಮೂರು ವಾರದ ಥಿಯೇಟರು ಬಾಡಿಗೆ, ಸಮುದ್ರ ದಾಟಿ ಬಂದ ತಂಡದ ಊಟ ವಸತಿ, ಗುರುತು ಪರಿಚಯವಿಲ್ಲದ ಊರು. ಸೀಟು ಖಾಲಿ ಬಿದ್ದಿದ್ದರೆ ಗತಿಯೇನು? ಅಂಗಡಿ ತೆರೆದು ಬೋಣಿಗೆ ಕಾದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಹೆದರಿದ ಮನೆಗಳ ಮುದುಕರು, ಮಕ್ಕಳ ಬಗ್ಗೆ ಯೋಚಿಸಿದರೆ ಈ ಆಟ ಸ್ವಲ್ಪ ಅತಿಯಾಯಿತು ಎಂದೂ ಅನ್ನಿಸುತ್ತದೆ. ಅದೂ ನಿಜವೇ. ಇನ್ನು ಆ ಹುಡುಗಿಯನ್ನು ನೆನೆಯಿರಿ. ದೇಶವೆಲ್ಲಾ ನೋಡುತ್ತಿರುವಾಗ ರೆಪ್ಪೆ ಮಿಟುಕಿಸದೆ ಹೆಣದಂತೆ ಮಲಗಿದಳು. ಪ್ರೊಫೆಷನಲ್ ಎಂಬ ಮಾತು ಅವಳಿಗೂ ಸಲ್ಲುತ್ತದೆ.

ಹೆಸರಲ್ಲೇ ಜಾಹೀರಾತು

ಪ್ರತುಲ್ ಚಂದ್ರ ಸರ್ಕಾರ್ ಹುಟ್ಟಿದ್ದು 1913ರ ಫೆಬ್ರವರಿ 23ರಂದು, ಬಂಗಾಳದ ಟಾಂಗೈಲ್ ಬಳಿಯ ಅಶೇಕ್‌ಪುರ ಎಂಬ ಹಳ್ಳಿಯಲ್ಲಿ. ಅವತ್ತಿಗೆ ಅದು ಮೈಮನ್‌ಸಿಂಗ್ ಜಿಲ್ಲೆ. ಈಗ ಬಾಂಗ್ಲಾದೇಶದಲ್ಲಿದೆ. ಓದಿನಲ್ಲಿ ಹಿಂದೆ ಬಿದ್ದವರೇನಲ್ಲ. ಆದರೂ ಮನಸ್ಸು ಹೋದದ್ದು ಕಣ್ಕಟ್ಟಿನ ಕಡೆ.

ಗುರು ಸಿಕ್ಕಿದ್ದು ಗಣಪತಿ ಚಕ್ರವರ್ತಿ. ಬಂಗಾಳದ ಸರ್ಕಸ್ಸಿನಲ್ಲಿ ಜಾದೂ ಮಾಡಿ ಹೆಸರು ಗಳಿಸಿದ ಆಸಾಮಿ. ಕೈಕಾಲು ಕಟ್ಟಿ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದರೂ ಹೊರಗೆ ಬರುತ್ತಿದ್ದ. ಕಂಸನ ಸೆರೆಮನೆ ಎಂಬ ಐಟಂ ಅವನ ಖಾಸಾ ಹೆಗ್ಗಳಿಕೆ. ಪಾಶ್ಚಾತ್ಯರ ಪೆಟ್ಟಿಗೆ ಬೀಗಗಳಿಗೆ ನಮ್ಮ ಪುರಾಣದ ಹೆಸರಿಟ್ಟರೆ ನಮ್ಮ ಜನ ಮೂಗಿನ ಮೇಲೆ ಬೆರಳಿಡುತ್ತಾರೆ ಎಂಬುದನ್ನು ಶಿಷ್ಯ ಅಲ್ಲಿ ಕಣ್ಣಾರೆ ನೋಡಿದ.

ಇನ್ನು ಹೆಸರಿನ ಸಂಗತಿ. ಕನ್ನಡದವರಿಗೆ ಸರ್ಕಾರ್ ಎಂದರೆ ನೆನಪಾಗುವುದು ತಾಲ್ಲೂಕು ಕಚೇರಿ. ದುಡ್ಡು ಮಾಯ ಮಾಡುವುದರಲ್ಲಿ ಇಬ್ಬರೂ ಒಂದೇ ಎಂದು ನಗೆಯಾಡುವವರೂ ಇದ್ದಾರೆ. ಬಂಗಾಳದಲ್ಲಿ ಅದು ಮಾಮೂಲಿ ಮನೆತನದ ಹೆಸರು, ಬೀದಿಗೆ ಹತ್ತು ಜನ ಸಿಗುತ್ತಾರೆ. ಪ್ರತುಲ್ ಬಾಬು ಮಾಡಿದ್ದಿಷ್ಟೆ. ಇಂಗ್ಲಿಷಿನಲ್ಲಿ ಎಸ್ ಪಕ್ಕದ ಎ ತೆಗೆದು ಓ ಹಾಕಿದರು, ಕೆ ತೆಗೆದು ಸಿ ಇಟ್ಟರು. ಆಗ ಅದು ಮಾಂತ್ರಿಕ ಎಂಬರ್ಥದ ಸಾರ್ಸರರ್ ಎಂಬ ಇಂಗ್ಲಿಷ್ ಪದದ ತಮ್ಮನಂತೆ ಕಾಣತೊಡಗಿತು. ಎರಡಕ್ಷರ ಬದಲಾಯಿತು, ಕಾಸು ಖರ್ಚಿಲ್ಲದೆ ಬೋರ್ಡು ತಯಾರಾಯಿತು. ಅದರ ಕೆಳಗೆ ಜಗತ್ತಿನ ಅತಿ ದೊಡ್ಡ ಜಾದೂಗಾರ ಎಂದು ತಾವೇ ಬರೆದುಕೊಂಡರು. ಜಗತ್ತು ಅವರನ್ನು ಇನ್ನೂ ನೋಡಿರಲಿಲ್ಲ ಅನ್ನೋದು ಬೇರೆ ಮಾತು.

ಕಲ್ಕತ್ತದಲ್ಲಿ ಫಜ್ಲುಲ್ ಹಕ್ ಬಂಗಾಳ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಕಾಲದ ಕಥೆಯೊಂದನ್ನು ಸರ್ಕಾರ್ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಒಂದು ಕೂಟದಲ್ಲಿ ಸರ್ಕಾರ್ ಖಾಲಿ ಹಾಳೆ ಕೊಟ್ಟು ಏನಾದರೂ ಬರೆಯಿರಿ ಎಂದರಂತೆ. ಹಕ್ ಸಾಹೇಬರು ಬರೆದರು, ಜೊತೆಯ ಮಂತ್ರಿಗಳು ಕೆಳಗೆ ರುಜು ಹಾಕಿದರು. ಹಾಳೆಯನ್ನು ಓದಿಸಿದರೆ ಅದರಲ್ಲಿದ್ದದ್ದು ಇಡೀ ಮಂತ್ರಿಮಂಡಲದ ರಾಜೀನಾಮೆ, ಜೊತೆಗೆ ಅಧಿಕಾರವನ್ನು ಜಾದೂಗಾರನಿಗೆ ಒಪ್ಪಿಸಿದ್ದೇವೆ ಎಂಬ ಒಕ್ಕಣೆ! ಕೂಟವೆಲ್ಲಾ ನಕ್ಕಿತು. ಪೇಪರುಗಳಿಗೆ ಹಬ್ಬ. ಹಾಳೆ ಬದಲಿಸುವುದು ಪುರಾತನ ಕೈಚಳಕ, ಎಷ್ಟೋ ಜನಕ್ಕೆ ಬರುತ್ತದೆ. ಅದನ್ನು ಮಂತ್ರಿಗಳ ಕೈಯಲ್ಲೇ ಮಾಡಿಸಿ ಊರಿಗೆಲ್ಲ ಸುದ್ದಿಯಾಗಿಸಲು ಬೇರೆಯೇ ತಲೆ ಬೇಕು.

ಸರ್ಕಾರ್ ಅಂಚೆಯನ್ನು ಉಪಯೋಗಿಸಿಕೊಂಡ ರೀತಿಯೂ ಹಾಗೆಯೇ. ಅಮೆರಿಕ, ಇಂಗ್ಲೆಂಡಿನಲ್ಲಿ ಜಾದೂಗಾರರಿಗೆಂದೇ ಪತ್ರಿಕೆಗಳಿದ್ದವು. ಕಲ್ಕತ್ತದಲ್ಲಿ ಕೂತು ಅವುಗಳಿಗೆ ಕಾಗದ, ಫೋಟೋ, ಕರಪತ್ರ, ಪೇಪರ್ ಕಟಿಂಗು ಕಳಿಸುತ್ತಲೇ ಹೋದರು. ಫೋನ್ ಇಲ್ಲ, ವಿಮಾನದ ಓಡಾಟ ಅಷ್ಟಿಲ್ಲ. ಆದರೂ 1950ರಲ್ಲಿ ಚಿಕಾಗೋದಲ್ಲಿ ನಡೆದ ಜಾದೂಗಾರರ ಸಮ್ಮೇಳನಕ್ಕೆ ಹೋಗುವ ಹೊತ್ತಿಗೆ ಹೆಸರು ಮುಂಚೆಯೇ ತಲುಪಿತ್ತು. ತಾನೇ ದೊಡ್ಡವನೆಂದು ಬರೆದುಕೊಂಡಿದ್ದಕ್ಕೆ ಅಲ್ಲಿನವರು ಗೊಣಗಿದರು. ಗೊಣಗಾಟವೂ ಅಚ್ಚಾಯಿತು, ಸರ್ಕಾರ್‌ಗೆ ಅದೂ ಲಾಭವೇ.

ಕಾಳನಾಗನ ದೂರು

ಕದ್ದ ಮಾಲು ಎಂಬ ಆಪಾದನೆ ಬಂದದ್ದು 1950ರ ದಶಕದ ನಡುವೆ. ಹೇಳಿದವನು ಜರ್ಮನಿಯ ಹೆಲ್ಮುಟ್ ಶ್ರೈಬರ್. ಹಿಟ್ಲರ್ ಕಾಲದಲ್ಲಿ ಸಿನಿಮಾ ಕಂಪನಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದವನು, ಯುದ್ಧ ಮುಗಿದ ಮೇಲೆ ಪೂರಾ ಮ್ಯಾಜಿಕ್ಕಿಗೆ ಇಳಿದಿದ್ದ. ಸ್ಟೇಜಿನ ಮೇಲೆ ಅವನ ಹೆಸರು ಕಾಳನಾಗ್. ಹೌದು, ನಮ್ಮ ಕಾಳನಾಗನೇ! ಇಂಗ್ಲಿಷ್ ಕಥೆಯೊಂದರ ಆನೆಯ ಹೆಸರಿನಿಂದ ಎತ್ತಿಕೊಂಡದ್ದು. ಭಾರತದ ಹೆಸರಿಟ್ಟುಕೊಂಡ ಜರ್ಮನಿಯವನು ಭಾರತದ ಜಾದೂಗಾರ ತನ್ನ ಐಟಂಗಳನ್ನು ನಕಲು ಹೊಡೆದಿದ್ದಾನೆ ಎಂದು ದೂರಿದ್ದು ತಮಾಷೆಯಾಗಿದೆ. ಬೇರೆ ಜಾದೂಗಾರರು ಸುಮ್ಮನಿರಲಿಲ್ಲ. ಕಾಳನಾಗನ ಐಟಂಗಳೂ ಅವನ ಸ್ವಂತದ್ದಲ್ಲ, ಅವನಿಗಿಂತ ಹಿಂದಿನವರದು ಎಂದು ಎತ್ತಿ ಆಡಿದರು.

ದೂರನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಸರ್ಕಾರ್ ಅವರ ದೊಡ್ಡ ಐಟಂಗಳಲ್ಲಿ ಬಹಳಷ್ಟು ಪಶ್ಚಿಮದಿಂದ ಬಂದವೇ. ಹುಡುಗಿಯನ್ನು ಕೊಯ್ಯುವ ಆಟವನ್ನೇ ತೆಗೆದುಕೊಳ್ಳಿ. ಅದನ್ನು ಮೊದಲು ಸ್ಟೇಜಿಗೆ ತಂದದ್ದು ಪಿ.ಟಿ. ಸೆಲ್ಬಿಟ್ ಎಂಬ ಇಂಗ್ಲಿಷಿನವನು, 1921ರಲ್ಲಿ, ಲಂಡನ್ನಿನಲ್ಲೇ. ಆಮೇಲೆ ಹೊರೇಸ್ ಗೋಲ್ಡಿನ್ ಎಂಬಾತ ಪೆಟ್ಟಿಗೆ ಬಿಟ್ಟು ಚಕ್ರಗರಗಸ ತಂದ. ಅಂದರೆ 1956ರಲ್ಲಿ ಲಂಡನ್ನಿನ ಜನ ಬೆಚ್ಚಿಬಿದ್ದದ್ದು ತಮ್ಮದೇ ಊರಿನ ಮೂವತ್ತೈದು ವರ್ಷ ಹಳೆಯ ಸರಕಿಗೆ.

ಅದಕ್ಕೂ ಹಿಂದೆ ಯೂರೋಪಿನ ಜಾದೂಗಾರರು ಭಾರತದ ಫಕೀರರ ವೇಷ ಹಾಕಿ ದುಡ್ಡು ಮಾಡಿದ್ದರು. ಹಗ್ಗ ನಿಲ್ಲಿಸಿ ಹುಡುಗನನ್ನು ಹತ್ತಿಸುವ ಆ ಪ್ರಸಿದ್ಧ ಆಟದ ಸುದ್ದಿ ಲೋಕಕ್ಕೆಲ್ಲ ಹಬ್ಬಿದ್ದು 1890ರಲ್ಲಿ ಚಿಕಾಗೋದ ಪತ್ರಿಕೆಯೊಂದು ಅಚ್ಚುಹಾಕಿದ ಕಟ್ಟುಕಥೆಯಿಂದ. ಆಮೇಲೆ ಆ ಪತ್ರಿಕೆಯೇ ಅದು ಸುಳ್ಳೆಂದು ಒಪ್ಪಿಕೊಂಡಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಶ್ಚಿಮದವರಿಗೆ ಭಾರತವೆಂದರೆ ಮಾಯಾಲೋಕ. ಆ ಭ್ರಮೆಯನ್ನು ಇಷ್ಟು ದಿನ ಅವರ ಜನ ಮಾರುತ್ತಿದ್ದರು. ಸರ್ಕಾರ್ ಬಂದು ಗಲ್ಲಾ ಪೆಟ್ಟಿಗೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕೋಟು ಬೋ ಟೈ ಬಿಟ್ಟು ಮಹಾರಾಜರ ಉಡುಪು, ರುಮಾಲಿನಲ್ಲಿ ತುರಾಯಿ, ಮೂತಿ ಮೇಲೆ ತಿರುಗಿದ ಮೋಜಡಿ. ಷೋಗೆ ಇಟ್ಟ ಹೆಸರು ಇಂದ್ರಜಾಲ. ಜರಿಯ ಪರದೆಗಳು, ಬಣ್ಣದ ದೀಪ, ವಾದ್ಯಮೇಳ, ಸಾಲಾಗಿ ಬಂದು ಹೋಗುವ ಹುಡುಗ ಹುಡುಗಿಯರು. ಒಳಗಿನ ಯಂತ್ರ ಯಾರದೇ ಇರಲಿ, ಟಿಕೆಟ್ ಕೊಂಡವನು ಕೂತದ್ದು ಒಂದು ರಾಜದರ್ಬಾರಿನಲ್ಲಿ.

ಬರಿದಾಗದ ತಂಬಿಗೆ

ಇಷ್ಟೆಲ್ಲ ಅಬ್ಬರದ ನಡುವೆ ಒಂದು ಹಿತ್ತಾಳೆ ತಂಬಿಗೆ ಇರುತ್ತಿತ್ತು. ವಾಟರ್ ಆಫ್ ಇಂಡಿಯಾ ಅಂತ ಆ ಐಟಂ ಹೆಸರು. ನೋಡಿದವರು ಯಾರೂ ಮರೆಯುವುದಿಲ್ಲ. ಸರ್ಕಾರ್ ತಂಬಿಗೆ ಎತ್ತಿ ನೀರು ಪೂರಾ ಸುರಿದು ಬೋರಲು ಹಾಕಿ ತೋರಿಸುವರು. ಖಾಲಿ. ಒಂದು ದೊಡ್ಡ ಐಟಂ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಪಕ್ಕಕ್ಕೆ ಹೋಗಿ ಅದೇ ತಂಬಿಗೆ ಎತ್ತಿ ಬಗ್ಗಿಸಿದರೆ ಮತ್ತೆ ನೀರು. ಇನ್ನೊಂದು ಐಟಂ, ಮತ್ತೆ ತಂಬಿಗೆ, ಮತ್ತೆ ನೀರು. ಷೋ ಮುಗಿಯುವವರೆಗೂ ಹೀಗೇ. ಮೂರನೇ ಸಲಕ್ಕೆ ಜನ ನಗುತ್ತಾರೆ, ಆರನೇ ಸಲಕ್ಕೆ ಆ ತಂಬಿಗೆಯ ಕಡೆ ಹೋಗಲಿ ಎಂದು ಕಾಯುತ್ತಾರೆ.

ಈ ಸಾಮಾನು ಜಾದೂ ಸರಕಿನ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಅದನ್ನು ತಂದು ಒಂದೇ ಏಟಿಗೆ ಐದು ಸಲ ಸುರಿದು ಮುಗಿಸುವವನು ಹವ್ಯಾಸಿ. ಎರಡು ಗಂಟೆ ತಡೆದು ಜನ ಮರೆತರೆಂದು ಕಂಡಾಗ ಮಾತ್ರ ಎತ್ತಿಕೊಳ್ಳುವವನು ಕಸುಬುದಾರ. ಜೋಳ ಎಲ್ಲರ ಮನೆಯಲ್ಲೂ ಇರುತ್ತದೆ, ರೊಟ್ಟಿ ಬಡಿಯುವ ಕೈ ಎಲ್ಲರಿಗೂ ಇರುವುದಿಲ್ಲ.

ಎಕ್ಸ್‌ರೇ ಕಣ್ಣು ಎಂಬುದು ಇನ್ನೊಂದು. ಕಣ್ಣಿನ ಮೇಲೆ ಹಿಟ್ಟಿನ ಉಂಡೆ ಮೆತ್ತಿ, ಹತ್ತಿ ಇಟ್ಟು, ಮೇಲೆ ಬಟ್ಟೆಪಟ್ಟಿ ಸುತ್ತಿಸಿಕೊಳ್ಳುವರು. ಸಭಿಕರಲ್ಲಿ ಯಾರಾದರೂ ಬಂದು ಕಪ್ಪುಹಲಗೆಯ ಮೇಲೆ ಏನಾದರೂ ಬರೆದರೆ ಅದನ್ನೇ ಕೆಳಗೆ ಬರೆದು ತೋರಿಸುವರು. ಕಾಶ್ಮೀರದ ಖುದಾ ಬಕ್ಷ್ ಕೂಡ ಕಣ್ಣು ಕಟ್ಟಿಕೊಂಡು ಇಂಥದ್ದೇ ಆಟ ತೋರಿಸಿ ಇಂಗ್ಲೆಂಡ್ ಅಮೆರಿಕದಲ್ಲಿ ಹೆಸರು ಮಾಡಿದ್ದರು. ಸರ್ಕಾರ್ ಈ ಐಟಮ್ಮಿನಲ್ಲಿ ಜನರನ್ನೇ ಸ್ಟೇಜಿಗೆ ಕರೆದರು. ಪಟ್ಟಿ ಕಟ್ಟುವವರೂ ಅವರೇ, ಬರೆಯುವವರೂ ಅವರೇ. ಆವತ್ತು ಮೇಲೆ ಹತ್ತಿದವನು ಬದುಕಿರುವವರೆಗೂ ಆ ಕಥೆ ಹೇಳಿಕೊಂಡು ತಿರುಗುತ್ತಾನೆ. ಪುಕ್ಕಟೆ ಪ್ರಚಾರ!

ಗುಟ್ಟನ್ನು ಅವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ ಹಲವು ಪುಸ್ತಕ ಬರೆದರು. ಹುಡುಗರು ಮನೆಯಲ್ಲಿ ಕಲಿತು ಆಡುವಂಥ ಎಷ್ಟೋ ಆಟಗಳನ್ನು ಬಿಡಿಸಿ ಹೇಳಿಕೊಟ್ಟರು. ಪುಸ್ತಕ ಓದಿ ಗುಟ್ಟು ತಿಳಿದ ಹುಡುಗರೇ ಮತ್ತೆ ಅಪ್ಪನನ್ನು ಎಳೆದುಕೊಂಡು ಷೋಗೆ ಬಂದರೆ ಆಶ್ಚರ್ಯವೇನು? ಗುಟ್ಟಿನಿಂದಲೇ ಹೊಟ್ಟೆ ತುಂಬುವುದಾಗಿದ್ದರೆ ಆ ಪುಸ್ತಕಗಳು ಅಚ್ಚಾದ ದಿನವೇ ಇಂದ್ರಜಾಲದ ಬಾಗಿಲು ಮುಚ್ಚಬೇಕಿತ್ತು.

ದೊಡ್ಡ ಷೋ ಎಂದರೆ ಸ್ಟೇಜಿನ ಮೇಲಿನ ಒಬ್ಬನಲ್ಲ. ಸಾಮಾನಿನ ಪೆಟ್ಟಿಗೆಗಳು ಹಡಗೇರಬೇಕು, ಬಂದರಿನಲ್ಲಿ ಕಸ್ಟಮ್ಸಿನವರ ಎದುರು ಬಿಚ್ಚಿ ತೋರಿಸಬೇಕು, ಒಂದು ಬೋಲ್ಟು ತಪ್ಪಿದರೂ ಸಂಜೆ ಐಟಂ ಇಲ್ಲ. ಪಾತ್ರಧಾರಿಗಳಿಗೆ, ವಾದ್ಯದವರಿಗೆ, ಬಡಗಿಗೆ, ದರ್ಜಿಗೆ ಸಂಬಳ ಹೋಗಬೇಕು. ಕಂಪನಿ ನಾಟಕ ಕಂಡ ಊರಿನವರಿಗೆ ಈ ಪಾಡು ಗೊತ್ತು. ಯಜಮಾನನಿಗೆ ಜ್ವರ ಬಂದರೂ ಪರದೆ ಏಳಬೇಕು, ಯಾಕೆಂದರೆ ಟಿಕೆಟ್ಟು ಹರಿದಾಗಿದೆ. ದೇಶ ದೇಶ ಸುತ್ತುತ್ತಾ ಇಷ್ಟನ್ನೂ ಹೊತ್ತುಕೊಂಡು ತಿರುಗಿದ ಮನುಷ್ಯನಿಗೆ ಭಾರತ ಸರ್ಕಾರ 1964ರಲ್ಲಿ ಪದ್ಮಶ್ರೀ ಕೊಟ್ಟಿತು. ಕಣ್ಕಟ್ಟಿನವರು ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಆ ಗೌರವ ಸಣ್ಣದಲ್ಲ.

ಹೊಕ್ಕೈಡೋದ ಚಳಿ

ಹೃದಯ ಕೈಕೊಡತೊಡಗಿತ್ತು. 1970ರ ಕೊನೆಗೆ ಜಪಾನಿಗೆ ಹೋಗಬೇಕಾದಾಗ ಡಾಕ್ಟರು ಬೇಡವೆಂದಿದ್ದರು ಎಂದು ಬರೆದವರಿದ್ದಾರೆ. ಆದರೆ ಜಪಾನಿನವರೊಂದಿಗೆ ಕರಾರು ಆಗಿತ್ತು. ಸರ್ಕಾರ್ ಹೊರಟರು.

1971ರ ಜನವರಿ 6. ಜಪಾನಿನ ಉತ್ತರ ತುದಿಯ ಹೊಕ್ಕೈಡೋ ದ್ವೀಪ. ಮೊಣಕಾಲುದ್ದ ಹಿಮ ಬೀಳುವ ಕಾಲ ಅದು. ಅಲ್ಲಿನ ಒಂದು ಊರಲ್ಲಿ ಆವತ್ತಿನ ಇಂದ್ರಜಾಲ ಷೋ ನಡೆಸಿಕೊಟ್ಟರು. ಷೋ ಮುಗಿದ ಮೇಲೆ ಹೃದಯಾಘಾತವಾಯಿತು. ಅಲ್ಲೇ ಹೋದರು. ಐವತ್ತೆಂಟು ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು.

ತಂಡ ಪರದೇಶದಲ್ಲಿ, ಯಜಮಾನ ಇಲ್ಲ, ಮುಂದಿನ ಊರುಗಳಲ್ಲಿ ಷೋ ಗೊತ್ತಾಗಿವೆ. ಇಂಥ ಹೊತ್ತಿನಲ್ಲಿ ಪೆಟ್ಟಿಗೆ ಕಟ್ಟಿ ಊರಿಗೆ ಹೊರಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮಗ ಪ್ರದೀಪ್ ಚಂದ್ರನಿಗೆ ಆಗ ಇಪ್ಪತ್ತನಾಲ್ಕು ವರ್ಷ. ತಂದೆಯನ್ನು ಕಳೆದುಕೊಂಡ ದುಃಖದಲ್ಲೇ ಅವರ ಜಾಗಕ್ಕೆ ನಿಂತು ಜಪಾನಿನ ಕರಾರು ಪೂರೈಸಿದರು. ಪಿ.ಸಿ. ಸರ್ಕಾರ್ ಜೂನಿಯರ್ ಎಂದು ಆಮೇಲೆ ದೇಶಕ್ಕೆ ಗೊತ್ತಾದದ್ದು ಅವರೇ. ಇನ್ನೊಬ್ಬ ಮಗ ಪ್ರಭಾಸ್ ಕೂಡ ಜಾದೂ ಲೈನಿಗೇ ಬಂದರು, ಪಿ.ಸಿ. ಸರ್ಕಾರ್ ಯಂಗ್ ಎಂಬ ಹೆಸರಿನಲ್ಲಿ. ಎರಡಕ್ಷರ ತಿದ್ದಿದ ಆ ಬೋರ್ಡು ಮಕ್ಕಳ ಕಾಲಕ್ಕೂ ಬಂತು.

ತಂದೆಯವರ ಹುಟ್ಟೂರು ಅವರು ಸಾಯುವಾಗ ಇನ್ನೂ ಪೂರ್ವ ಪಾಕಿಸ್ತಾನದಲ್ಲಿತ್ತು. ಅದೇ ವರ್ಷದ ಡಿಸೆಂಬರಿನ ಯುದ್ಧ ಮುಗಿದಾಗ ಅದು ಬಾಂಗ್ಲಾದೇಶವಾಯಿತು. ಕಲ್ಕತ್ತದಲ್ಲಿ ಒಂದು ರಸ್ತೆಗೆ ಜಾದೂ ಸಾಮ್ರಾಟ್ ಪಿ.ಸಿ. ಸರ್ಕಾರ್ ಎಂದೇ ಹೆಸರಿಟ್ಟಿದ್ದಾರೆ. 2010ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಐದು ರೂಪಾಯಿಯ ಚೀಟಿ ತಂದಿತು.